ಪೆಟ್ಟಿಗೆಯ ಕಿವಿ ಹಿಂಡುವ ಮೊದಲು



ಮಳೆ ಹಿಂದೆಗೆದು ಚಳಿ ಕಾಲಿಡುವಾಗ ನಮ್ಮ ತೋಟಗಳಲ್ಲಿ ತಪ್ಪದೆ ಏಳುವ ಒಂದು ವ್ಯಾಜ್ಯವುಂಟು. ಕ್ರಿಸ್ಮಸ್ ಹಾಡುಗಳ ಅಭ್ಯಾಸ ಆರಂಭವಾಗುತ್ತದೆ. ಗಿಟಾರು ಹಿಡಿದ ತಮ್ಮಂದಿರು, “ಈ ಆಂಪ್ಲಿಫೈಯರಿನಲ್ಲಿ ಟೋನೇ ಇಲ್ಲ, ಇರುವುದು ಎರಡೇ ನಾಬು, ಇದರಲ್ಲಿ ಏನು ನುಡಿಸುವುದು?” ಎನ್ನುತ್ತಾರೆ. ಹಿಂದಿನ ಬೆಂಚಿನ ಹಿರಿಯರು, “ಟೋನು ಹಾಗಿರಲಿ, ಹಾಡಿನ ಮಾತೇ ಕೇಳುವುದಿಲ್ಲವಲ್ಲ” ಎನ್ನುತ್ತಾರೆ. ಇಬ್ಬರ ನಡುವೆ ಸಿಕ್ಕಿ ಒದ್ದಾಡುವವರು ಕಾಣಿಕೆಯ ಲೆಕ್ಕ ಹಿಡಿದ ಖಜಾಂಚಿಯವರು.

ಕೆಲವು ವರ್ಷಗಳ ಹಿಂದೆ ನಾವೂ ತಮ್ಮಂದಿರ ಮಾತಿಗೆ ಒಪ್ಪಿದೆವು. ಬೋನಸ್ ಕೈಗೆ ಬಂದ ವಾರ ಲೈನು ಲೈನು ತಿರುಗಿ ಹಣ ಕೂಡಿಸಿದೆವು. ಎಲೆ ಕೊಯ್ಯುವ ಅಕ್ಕಂದಿರು ಸೆರಗಿನ ಗಂಟು ಬಿಚ್ಚಿ ಕೊಟ್ಟದ್ದು ಇನ್ನೂ ಕಣ್ಣ ಮುಂದಿದೆ. ಎರಡು ನಾಬಿನ ಹಳೆಯ ಪೆಟ್ಟಿಗೆಯನ್ನು ಮೂಲೆಗಿಟ್ಟು ಪೇಟೆಯಿಂದ ಏಳು ನಾಬಿನ ಹೊಸ ಪೆಟ್ಟಿಗೆ ತಂದೆವು. ಮೊದಲ ಭಾನುವಾರ ಎಲ್ಲರೂ ಮೆಚ್ಚಿದರು. ಮೂರನೆಯ ಭಾನುವಾರದ ಹೊತ್ತಿಗೆ ಅದೇ ಗುಂಯ್ ಎನ್ನುವ ದಪ್ಪ ಸದ್ದು, ಅದೇ ಕೀರಲು. ಆರಾಧನೆ ಮುಗಿದು ಹೊರಗೆ ಬರುವಾಗ ಒಬ್ಬ ಅಜ್ಜಿ ನಮ್ಮ ಕೈ ಹಿಡಿದು, “ಮಗಾ, ಪೆಟ್ಟಿಗೆ ದೊಡ್ಡದಾಯ್ತು, ಮಾತು ಮಾತ್ರ ಇನ್ನೂ ಕೇಳಿಸ್ತಿಲ್ಲ” ಅಂದರು. ಸಿಟ್ಟಿನಿಂದ ಅಂದದ್ದಲ್ಲ, ಆದಕಾರಣವೇ ಹೆಚ್ಚು ನಾಟಿತು. ಅದು ಅಂಗಡಿಯವರ ತಪ್ಪಲ್ಲ, ಪೆಟ್ಟಿಗೆಯ ತಪ್ಪೂ ಅಲ್ಲ. ನಾಬು ಏನು ಮಾಡಬಲ್ಲದು, ಏನು ಮಾಡಲಾರದು ಎಂದು ವಿಚಾರಿಸದೆ ಇನ್ನೊಬ್ಬರ ಬೆವರಿನ ಹಣವನ್ನು ಖರ್ಚು ಮಾಡಿದ್ದು ನಮ್ಮ ತಪ್ಪು.

ಆ ಮೇಲೆ ವಿಚಾರಿಸಿದೆವು. ತಿಳಿದುಬಂದದ್ದನ್ನು ಇಲ್ಲಿ ಬರೆಯುವ ಮೊದಲು ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇವೆ. ಗಿಟಾರಿನ ಆಂಪ್ಲಿಫೈಯರಿಗೆ ಟೋನ್ ನಾಬು ಬೇಕಾದದ್ದೇ; ಆದರೆ ಅದರ ಸರದಿ ಬಹಳ ಹಿಂದೆ ಬರುತ್ತದೆ. ತಂತಿ, ಬೆರಳು, ಸ್ಪೀಕರು, ಪೆಟ್ಟಿಗೆ ಇಟ್ಟ ಜಾಗ, ಸದ್ದಿನ ಪ್ರಮಾಣ, ಇಷ್ಟೂ ಸರಿಯಾದ ಮೇಲೆ ನಾಬಿನ ಕಡೆಗೆ ಕೈ ಹೋಗಬೇಕು. ನಾಬಿನ ಎಣಿಕೆ ನೋಡಿ ಪೆಟ್ಟಿಗೆ ಕೊಳ್ಳುವುದು ಗುಂಡಿ ಎಣಿಸಿ ಅಂಗಿ ಕೊಂಡ ಹಾಗೆ.

ನಮ್ಮಲ್ಲಿ ವಯಸ್ಸಾದವರಿಗೆ ಹಳೆಯ ವಾಲ್ವ್ ರೇಡಿಯೋ ನೆನಪಿರಬೇಕು. ಸ್ಟೇಷನ್ ಹುಡುಕಲು ಒಂದು ನಾಬು, ಸದ್ದಿಗೆ ಒಂದು, ಟೋನಿಗೆ ಒಂದು. ಟೋನಿನ ನಾಬನ್ನು ಒಂದು ಕಡೆಗೆ ತಿರುಗಿಸಿದರೆ ವಾರ್ತೆ ಓದುವವರು ಕಂಬಳಿ ಹೊದ್ದು ಓದಿದ ಹಾಗೆ ಕೇಳುತ್ತಿತ್ತು. ಇನ್ನೊಂದು ಕಡೆಗೆ ತಿರುಗಿಸಿದರೆ ಕಂಬಳಿ ತೆಗೆದ ಹಾಗೆ. ಆ ನಾಬು ಹೊಸದಾಗಿ ಏನನ್ನೂ ಸೇರಿಸುತ್ತಿರಲಿಲ್ಲ. ತೆಳು ಸ್ವರಗಳನ್ನು ತೆಗೆದುಹಾಕುತ್ತಿತ್ತು ಅಥವಾ ಬಿಟ್ಟುಕೊಡುತ್ತಿತ್ತು, ಅಷ್ಟೇ. ಗಿಟಾರಿನ ಆಂಪ್ಲಿಫೈಯರು ಹುಟ್ಟಿದ್ದು ಇಂಥ ರೇಡಿಯೋದ ಹೊಟ್ಟೆಯಿಂದಲೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ೧೯೦೯ರಲ್ಲಿ ಹುಟ್ಟಿದ ಲಿಯೋ ಫೆಂಡರ್ ಎಂಬವರ ಹೆಸರನ್ನು ಗಿಟಾರು ನುಡಿಸುವ ತಮ್ಮಂದಿರು ಬಲ್ಲರು. ಕಿತ್ತಳೆ ತೋಟದಲ್ಲಿ ಬೆಳೆದವರು. ತೋಟದ ಕೂಲಿಯವರ ಮಗನಲ್ಲ, ತೋಟದ ಯಜಮಾನರ ಮಗ. ಆದರೂ ಕೈಕೆಸರು ಮಾಡಿಕೊಂಡೇ ಮೇಲೆ ಬಂದವರು. ಕಲಿತದ್ದು ಲೆಕ್ಕ ಬರೆಯುವ ವಿದ್ಯೆ, ಮನಸ್ಸು ಮಾತ್ರ ರೇಡಿಯೋದ ಮೇಲೆ. ೧೯೩೮ರಲ್ಲಿ ಫುಲ್ಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಟ್ಟರು. ಊರಿನ ವಾದ್ಯಗಾರರು ಕೆಟ್ಟುಹೋದ ಆಂಪ್ಲಿಫೈಯರುಗಳನ್ನು ಹೊತ್ತು ತರುತ್ತಿದ್ದರು. ಅವನ್ನು ಬಿಚ್ಚಿ ಬಿಚ್ಚಿ ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂದು ಕಂಡುಕೊಂಡು ಕಡೆಗೆ ತಾವೇ ತಯಾರಿಸಲು ತೊಡಗಿದರು. ಸ್ವತಃ ಗಿಟಾರು ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಆದುದರಿಂದ ನುಡಿಸುವವರ ಮಾತನ್ನು ಕಿವಿಗೊಟ್ಟು ಕೇಳುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ೧೯೫೦ರ ದಶಕದ ಫೆಂಡರ್ ಪೆಟ್ಟಿಗೆಗಳನ್ನು ರಿಪೇರಿಗೆಂದು ಬಿಚ್ಚಿದವರಿಗೆ ಒಳಗೆ ಅನೇಕ ವೇಳೆ ಒಂದು ಸಣ್ಣ ಟೇಪಿನ ಚೂರು ಕಾಣುತ್ತದೆ. ಅದರ ಮೇಲೆ ಕೈಬರಹದಲ್ಲಿ ಒಂದು ಹೆಸರು: ಲಿಲಿ, ಲೂಪೆ, ಹೀಗೆ. ಆ ಪೆಟ್ಟಿಗೆಯ ತಂತಿಗಳನ್ನು ಜೋಡಿಸಿ ಬೆಸುಗೆ ಹಾಕಿದ ಹೆಂಗಸಿನ ಹೆಸರು ಅದು. ೧೯೬೫ರಲ್ಲಿ ಆ ಕಂಪೆನಿಯನ್ನು ಸಿ.ಬಿ.ಎಸ್. ಎಂಬ ದೊಡ್ಡ ಸಂಸ್ಥೆ ೧ ಕೋಟಿ ೩೦ ಲಕ್ಷ ಡಾಲರು ಕೊಟ್ಟು ಕೊಂಡಿತು. ಈ ಮಾರಾಟದ ಸುದ್ದಿ ಗಿಟಾರಿನ ಚರಿತ್ರೆ ಬರೆದ ಪುಸ್ತಕಗಳಲ್ಲೆಲ್ಲ ಉಂಟು. ಲಿಲಿಯ ಹೆಸರು ಪೆಟ್ಟಿಗೆ ಬಿಚ್ಚಿದವರಿಗೆ ಕಾಣುತ್ತದೆ.

ಫೆಂಡರ್ ಕಂಪೆನಿ ಆ ಕಾಲದಲ್ಲಿ ಕಲಿಯುವವರಿಗೆಂದು ‘ಚಾಂಪ್’ ಎಂಬ ಚಿಕ್ಕ ಪೆಟ್ಟಿಗೆ ಮಾಡುತ್ತಿತ್ತು. ಸುಮಾರು ೫ ವಾಟಿನದು, ಒಂದೇ ಸ್ಪೀಕರು, ಒಂದೇ ನಾಬು, ಅದೂ ಸದ್ದಿನದು. ಟೋನಿಗೆ ನಾಬೇ ಇಲ್ಲ. ಇಂದು ಆ ಹಳೆಯ ಚಾಂಪನ್ನು ಹುಡುಕಿಕೊಂಡು ಹೋಗಿ ದೊಡ್ಡ ಬೆಲೆ ಕೊಟ್ಟು ಕೊಳ್ಳುವವರಿದ್ದಾರೆ. ಟೋನಿನ ನಾಬು ಇಲ್ಲದೆ ಟೋನು ಇಲ್ಲ ಎನ್ನುವುದು ನಿಜವಾಗಿದ್ದರೆ ಇವರೆಲ್ಲ ಬುದ್ಧಿಗೆಟ್ಟವರೆಂದು ಹೇಳಬೇಕಾದೀತು.

ಅದೇ ಕಂಪೆನಿಯ ದೊಡ್ಡ ಪೆಟ್ಟಿಗೆಗಳಲ್ಲಿ ಬರಬರುತ್ತ ಟ್ರೆಬಲ್, ಮಿಡ್ಲ್, ಬೇಸ್ ಎಂಬ ಮೂರು ನಾಬುಗಳು ಬಂದವು. ತೆಳು ಸ್ವರಕ್ಕೆ ಒಂದು, ನಡು ಸ್ವರಕ್ಕೆ ಒಂದು, ದಪ್ಪ ಸ್ವರಕ್ಕೆ ಒಂದು ಎನ್ನಬಹುದು. ಇವುಗಳ ಹಿಂದೆ ಇರುವುದೇನು? ಮೂರು ಕೆಪಾಸಿಟರು, ಒಂದು ರೆಸಿಸ್ಟರು, ನಾಬಿಗೆ ಒಂದೊಂದರಂತೆ ಪೊಟೆನ್ಶಿಯೋಮೀಟರು. ಕೆಪಾಸಿಟರು ತೆಳು ಸ್ವರವನ್ನು ಸಲೀಸಾಗಿ ಹಾಯಲು ಬಿಟ್ಟು ದಪ್ಪ ಸ್ವರವನ್ನು ತಡೆಯುತ್ತದೆ. ಇಷ್ಟೇ ಉಪಾಯ. ಟೀ ಫ್ಯಾಕ್ಟರಿಯಲ್ಲಿ ದುಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಣಗಿದ ಎಲೆ ಜರಡಿಯ ಮೇಲೆ ಓಡುವಾಗ ದಪ್ಪದ್ದು ಒಂದು ಕಡೆ, ಡಸ್ಟ್ ಒಂದು ಕಡೆ ಬೀಳುತ್ತದೆ. ಜರಡಿ ಎಷ್ಟೇ ಒಳ್ಳೆಯದಿರಲಿ, ತೋಟದಿಂದ ಬಂದ ಎಲೆಯಲ್ಲಿ ಇಲ್ಲದ ಗುಣವನ್ನು ಅದು ತುಂಬಲಾರದು. ಈ ಮೂರು ನಾಬುಗಳೂ ಜರಡಿಗಳೇ. ಟ್ರೆಬಲನ್ನು ೧೦ಕ್ಕೆ ತಿರುಗಿಸಿದಾಗ ತೆಳು ಸ್ವರ ಸೇರುತ್ತದೆಂದು ಅನಿಸುತ್ತದೆ; ನಿಜದಲ್ಲಿ ಅದನ್ನು ಕಡಿಮೆ ಮಾಡುವುದನ್ನು ನಿಲ್ಲಿಸಿದ್ದೇವೆ ಅಷ್ಟೇ.

ಇದಕ್ಕೆ ಸಾಕ್ಷಿಯಿದೆ. ಫೆಂಡರ್ ಕಂಪೆನಿ ೧೯೬೦ರ ದಶಕದಲ್ಲಿ ಹೊರತಂದ ‘ಟ್ವಿನ್ ರಿವರ್ಬ್’ ಎಂಬ ಪೆಟ್ಟಿಗೆಯಲ್ಲಿ ಈ ಮೂರು ನಾಬುಗಳನ್ನೂ ಸೊನ್ನೆಗೆ ಇಟ್ಟರೆ, ಸದ್ದಿನ ನಾಬು ಎಷ್ಟೇ ಮೇಲಿದ್ದರೂ ಗಿಟಾರು ಹೆಚ್ಚುಕಡಿಮೆ ಕೇಳುವುದೇ ಇಲ್ಲ. ಮೂರು ಬಾಗಿಲನ್ನೂ ಮುಚ್ಚಿದ ಮನೆಯ ಹಾಗೆ. ಇನ್ನೊಂದು ಸಂಗತಿ ನಮಗೂ ಆಶ್ಚರ್ಯ ತಂದಿತು. ಮೂರನ್ನೂ ಸರಿಯಾಗಿ ನಡುವೆ, ೫ರಲ್ಲಿ ಇಟ್ಟರೆ ಸ್ವರ ಸಮನಾಗಿ ಬರುತ್ತದೆಂದು ಯಾರಾದರೂ ನಂಬುತ್ತಾರೆ. ಅದು ಹಾಗಲ್ಲ. ಸೆಕೆಂಡಿಗೆ ಸುಮಾರು ೪೦೦ರಿಂದ ೫೦೦ ಕಂಪನಗಳ ಆಸುಪಾಸಿನಲ್ಲಿ, ಅಂದರೆ ಸ್ವರದ ಹೊಟ್ಟೆಭಾಗದಲ್ಲಿ, ದೊಡ್ಡ ಹಳ್ಳ ಬೀಳುತ್ತದೆ. ಸಮಕ್ಕೆ ಹತ್ತಿರ ಬರಬೇಕಾದರೆ ಟ್ರೆಬಲ್ ಬೇಸ್ ಎರಡನ್ನೂ ಸೊನ್ನೆಗೆ ಇಳಿಸಿ ಮಿಡ್ಲನ್ನು ೧೦ಕ್ಕೆ ಏರಿಸಬೇಕು. ಅದಲ್ಲದೆ ಮೂರು ನಾಬುಗಳೂ ಒಂದೇ ಬಾವಿಯ ನೀರು ಸೇದುವ ಮೂರು ಮನೆಗಳಂತೆ. ಒಂದನ್ನು ತಿರುಗಿಸಿದರೆ ಉಳಿದೆರಡರ ಕೆಲಸವೂ ಸ್ವಲ್ಪ ಬದಲಾಗುತ್ತದೆ. “ನಿನ್ನೆ ಮಿಡ್ಲ್ ೬ರಲ್ಲಿ ಚೆನ್ನಾಗಿತ್ತು, ಇವತ್ತು ಅದೇ ೬ರಲ್ಲಿ ಹಾಳಾಗಿದೆ” ಎಂದು ತಮ್ಮಂದಿರು ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಯಾರೋ ಟ್ರೆಬಲ್ ತಿರುಗಿಸಿರುತ್ತಾರೆ.

ನಮ್ಮ ಸಭೆಗಳಲ್ಲಿ ಗೊಂದಲ ಇನ್ನಷ್ಟು ಹೆಚ್ಚಲು ಬೇರೊಂದು ಕಾರಣವುಂಟು. ಎಷ್ಟೋ ಕಡೆ ಗಿಟಾರಿಗೆಂದು ಬೇರೆ ಪೆಟ್ಟಿಗೆ ಇರುವುದಿಲ್ಲ. ಪ್ರಸಂಗದ ಮೈಕಿನ ಆಂಪ್ಲಿಫೈಯರಿಗೇ ಗಿಟಾರಿನ ವೈರು ಚುಚ್ಚುತ್ತೇವೆ. ಮೈಕಿನ ಆಂಪ್ಲಿಫೈಯರಿನ ಟೋನು ಬೇರೆ ಜಾತಿಯದು. ಪೀಟರ್ ಬ್ಯಾಕ್ಸಾಂಡಲ್ ಎಂಬ ಆಂಗ್ಲ ಇಂಜಿನಿಯರು ೧೯೫೨ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಅದರ ನಕ್ಷೆಯನ್ನು ಪ್ರಕಟಿಸಿದರು. ಬೇಸ್, ಟ್ರೆಬಲ್ ಎರಡು ನಾಬು. ನಡುವೆ ಇಟ್ಟರೆ ನಿಜವಾಗಿಯೂ ಸಮ, ಬಲಕ್ಕೆ ತಿರುಗಿಸಿದರೆ ನಿಜವಾಗಿಯೂ ಏರಿಕೆ, ಎಡಕ್ಕೆ ಇಳಿಕೆ. ಮೈಕಿನ ಆಂಪ್ಲಿಫೈಯರುಗಳಲ್ಲಿಯೂ ಮನೆಯ ಸ್ಟೀರಿಯೋಗಳಲ್ಲಿಯೂ ಸಾಮಾನ್ಯವಾಗಿ ಕಾಣುವುದು ಈ ಬಗೆಯದೇ. ಹೀಗಿರುವಲ್ಲಿ ಮೈಕಿನ ಪೆಟ್ಟಿಗೆಯಲ್ಲಿ ಕಲಿತ ಕೈ ಗಿಟಾರಿನ ಪೆಟ್ಟಿಗೆಗೆ ಬಂದಾಗ ತಪ್ಪುವುದು ಸಹಜ. ಎರಡರ ಮೇಲೂ ಬೇಸ್ ಎಂದೇ ಬರೆದಿರುತ್ತದೆ, ನಡುಗೆರೆಯೂ ಒಂದೇ ಥರ ಕಾಣುತ್ತದೆ, ಅರ್ಥ ಮಾತ್ರ ಬೇರೆ.

ನಾಬಿನಲ್ಲಿ ಎಲ್ಲವೂ ಇದೆ ಎನ್ನುವವರಿಗೆ ನಾವು ತೋರಿಸುವ ದೊಡ್ಡ ಸಾಕ್ಷಿ ಲಂಡನ್ನಿನದು. ಜಿಮ್ ಮಾರ್ಷಲ್ ಎಂಬವರು ಡ್ರಮ್ ಕಲಿಸುತ್ತಿದ್ದ ಮೇಷ್ಟರು. ೧೯೬೦ರಲ್ಲಿ ನಗರದ ಪಶ್ಚಿಮ ಭಾಗದ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ತೆರೆದರು. ಅಮೆರಿಕದಿಂದ ಬರುವ ಫೆಂಡರ್ ಪೆಟ್ಟಿಗೆ ಅಲ್ಲಿಯ ಹುಡುಗರ ಕೈಗೆ ನಿಲುಕದಷ್ಟು ದುಬಾರಿ. “ಇಲ್ಲಿಯೇ ಏನಾದರೂ ಮಾಡಿಕೊಡಿ” ಎಂದು ಹುಡುಗರು ಕೇಳಿದರು. ಅಂಗಡಿಯ ರಿಪೇರಿಗಾರ ಕೆನ್ ಬ್ರಾನ್, ಅವರ ಜೊತೆಗೆ ಡಡ್ಲಿ ಕ್ರೇವನ್ ಎಂಬ ಯುವಕ, ಫೆಂಡರ್ ಕಂಪೆನಿಯ ‘ಬೇಸ್‌ಮನ್’ ಎಂಬ ಪೆಟ್ಟಿಗೆಯನ್ನು ಮಾದರಿಯಾಗಿಟ್ಟುಕೊಂಡು ೧೯೬೨ರಲ್ಲಿ ಮೊದಲ ಮಾರ್ಷಲ್ ಆಂಪ್ಲಿಫೈಯರನ್ನು ಕಟ್ಟಿದರು. ಟ್ರೆಬಲ್, ಮಿಡ್ಲ್, ಬೇಸ್ ನಾಬುಗಳ ಹಿಂದಿನ ನಕ್ಷೆಯನ್ನು ಹೆಚ್ಚುಕಡಿಮೆ ಹಾಗೆಯೇ ಇಳಿಸಿಕೊಂಡರು. ಆದರೂ ಕೇಳಿದವರು ಎರಡೂ ಒಂದೇ ಎನ್ನಲಿಲ್ಲ. ಯಾಕಂದರೆ ಫೆಂಡರ್ ಪೆಟ್ಟಿಗೆಯಲ್ಲಿ ೧೦ ಅಂಗುಲದ ನಾಲ್ಕು ಸ್ಪೀಕರು, ಹಿಂಬದಿ ತೆರೆದದ್ದು; ಮಾರ್ಷಲ್‌ಗೆ ಜೋಡಿಸಿದ್ದು ಹಿಂಬದಿ ಮುಚ್ಚಿದ ಬೇರೆ ಪೆಟ್ಟಿಗೆಯಲ್ಲಿ ೧೨ ಅಂಗುಲದ ನಾಲ್ಕು ಸ್ಪೀಕರು, ಅವೂ ಇಂಗ್ಲೆಂಡಿನ ತಯಾರಿಕೆ. ವಾಲ್ವುಗಳಲ್ಲಿಯೂ ವ್ಯತ್ಯಾಸ ಬಂತು. ಅದೇ ನಾಬು, ಅದೇ ನಕ್ಷೆ, ಸದ್ದು ಬೇರೆ. ಆ ಬೇರೆ ಸದ್ದೇ ಆ ಕಂಪೆನಿಯನ್ನು ಲೋಕಪ್ರಸಿದ್ಧ ಮಾಡಿತು. ಮೇಷ್ಟರು ೨೦೧೨ರಲ್ಲಿ ತೀರಿಕೊಂಡರು.

ಎದುರು ಪಕ್ಷದ ಸಾಕ್ಷಿಯನ್ನು ಮುಚ್ಚಿಡುವುದು ನ್ಯಾಯವಲ್ಲ. ಅದೇ ಇಂಗ್ಲೆಂಡಿನ ‘ವಾಕ್ಸ್’ ಕಂಪೆನಿಯ ಎ.ಸಿ. ೩೦ ಎಂಬ ಪೆಟ್ಟಿಗೆ ಮೊದಲಿಗೆ ಬಂದಾಗ ಅದರಲ್ಲಿ ಟ್ರೆಬಲ್, ಬೇಸ್ ಎಂದು ಬೇರೆ ಬೇರೆ ನಾಬುಗಳಿರಲಿಲ್ಲ. ಸದ್ದು ಮಂಕಾಯಿತೆಂದು ನುಡಿಸುವವರು ದೂರಿದರು. ೧೯೬೦ರ ದಶಕದ ಆರಂಭದಲ್ಲಿ ‘ಟಾಪ್ ಬೂಸ್ಟ್’ ಎಂಬ ಇನ್ನೊಂದು ಸಣ್ಣ ಸರ್ಕ್ಯೂಟನ್ನು ಎರಡು ನಾಬುಗಳೊಂದಿಗೆ ಹಿಂಬದಿಗೆ ಜೋಡಿಸಿಕೊಡಬೇಕಾಯಿತು; ಮುಂದೆ ಅದು ಪೆಟ್ಟಿಗೆಯ ಅಂಗವೇ ಆಯಿತು. ಆದ್ದರಿಂದ ನಾಬು ಏನೂ ಅಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಒಂದು ಮಾತನ್ನು ಗಮನಿಸಿರಿ: ಅಲ್ಲಿ ಬಂದದ್ದು ನಾಬು ಮಾತ್ರವಲ್ಲ, ಅದರ ಹಿಂದೆ ಸದ್ದನ್ನು ಮತ್ತೆ ಎತ್ತಿಕೊಡುವ ಒಂದು ವಾಲ್ವೂ ಬಂತು. ಜರಡಿಯಲ್ಲಿ ಕಳೆದುಹೋಗುವುದನ್ನು ತುಂಬಿಕೊಡಲು ಯಾರಾದರೂ ಬೇಕೇ ಬೇಕಲ್ಲ.

ಇನ್ನು ನಮ್ಮ ಸಭಾಮನೆಗೆ ಬರೋಣ. ಏಳು ನಾಬಿನ ಪೆಟ್ಟಿಗೆ ಕೈಕೊಟ್ಟ ಮೇಲೆ ಒಂದು ಶನಿವಾರ ಸಂಜೆ ಗಿಟಾರಿನ ತಮ್ಮಂದಿರನ್ನೂ ಹಿಂದಿನ ಬೆಂಚಿನ ಇಬ್ಬರು ಹಿರಿಯರನ್ನೂ ಕೂಡಿಸಿಕೊಂಡು ಪರೀಕ್ಷೆ ಮಾಡಿದೆವು. ನಿಯಮ ಒಂದೇ: ಟೋನ್ ನಾಬನ್ನು ಯಾರೂ ಮುಟ್ಟಬಾರದು. ಮಿಕ್ಕದ್ದನ್ನೆಲ್ಲ ಬದಲಿಸಿ ನೋಡುವುದು.

ಪೆಟ್ಟಿಗೆ ಮೂಲೆಯಲ್ಲಿ ನೆಲದ ಮೇಲೆ ಇತ್ತು. ಅದನ್ನು ಮೂಲೆಯಿಂದ ನಾಲ್ಕು ಅಡಿ ಈಚೆಗೆ ಎಳೆದೆವು. ಗುಂಯ್ ಎನ್ನುವ ಸದ್ದು ಅರ್ಧಕ್ಕರ್ಧ ಇಳಿಯಿತು. ನೆಲವೂ ಎರಡು ಗೋಡೆಗಳೂ ಕೂಡುವಲ್ಲಿ ದಪ್ಪ ಸ್ವರ ಒಟ್ಟುಗೂಡಿ ಹೆಚ್ಚುತ್ತದೆಂಬುದು ಸದ್ದಿನ ವಿದ್ಯೆ ಬಲ್ಲವರಿಗೆ ಹಳೆಯ ವಿಷಯ. ನಮಗೆ ಅಂದು ಹೊಸದು. ಆ ಮೇಲೆ ಪೆಟ್ಟಿಗೆಯನ್ನು ಒಂದು ಕುರ್ಚಿಯ ಮೇಲೆ ಹಿಂದಕ್ಕೆ ವಾಲಿಸಿ ಇಟ್ಟೆವು. ನುಡಿಸುತ್ತಿದ್ದ ಹುಡುಗ ಬೆಚ್ಚಿ, “ಇದು ಇಷ್ಟು ಕಿರುಚುತ್ತಿತ್ತೇ?” ಎಂದ. ಯಾಕಂದರೆ ತೆಳು ಸ್ವರಗಳು ಟಾರ್ಚಿನ ಬೆಳಕಿನ ಹಾಗೆ ನೇರವಾಗಿ ಹೋಗುತ್ತವೆ, ದಪ್ಪ ಸ್ವರಗಳು ಹೊಗೆಯ ಹಾಗೆ ಸುತ್ತಲೂ ಹರಡುತ್ತವೆ. ಪೆಟ್ಟಿಗೆ ನೆಲದ ಮೇಲಿದ್ದರೆ ಆ ಬೆಳಕು ನುಡಿಸುವವನ ಮೊಣಕಾಲಿಗೆ ಬೀಳುತ್ತದೆ, ಕಿವಿಗಲ್ಲ. ಅವನಿಗೆ ಮಂಕಾಗಿ ಕೇಳುತ್ತದೆ, ಟ್ರೆಬಲ್ ಏರಿಸುತ್ತಾನೆ. ಎದುರು ಚಾಪೆಯ ಮೇಲೆ ಕೂತ ಮಕ್ಕಳ ಕಿವಿಗೆ ಅದು ಸೂಜಿಯ ಹಾಗೆ ಚುಚ್ಚುತ್ತದೆ. ಟ್ವಿನ್ ರಿವರ್ಬ್‌ನ ಎರಡು ಬದಿಗೂ ಮಡಚುವ ಕಾಲುಗಳನ್ನು ಕೊಟ್ಟು ಹಿಂದಕ್ಕೆ ವಾಲಿಸಿ ನಿಲ್ಲಿಸುವ ಏರ್ಪಾಡು ಮಾಡಿದ್ದು ಸುಮ್ಮನೆ ಅಲ್ಲ. ನಮಗೆ ಒಂದು ಕುರ್ಚಿ, ಒಂದು ಇಟ್ಟಿಗೆ ಸಾಕಾಯಿತು.

ತಂತಿಯ ವಿಷಯ. ಆ ಗಿಟಾರಿಗೆ ತಂತಿ ಹಾಕಿ ಎಷ್ಟು ದಿನವಾಯಿತೆಂದು ಕೇಳಿದರೆ ಯಾರಿಗೂ ನೆನಪಿಲ್ಲ. ನಮ್ಮ ಬೆಟ್ಟದ ಮಂಜಿಗೆ ಕತ್ತಿಯೇ ತುಕ್ಕು ಹಿಡಿಯುವಾಗ ತಂತಿ ಉಳಿಯುತ್ತದೆಯೇ? ತುಕ್ಕು ಹಿಡಿದು ಬೆವರು ಕುಡಿದ ತಂತಿಯಲ್ಲಿ ತೆಳು ಸ್ವರಗಳು ಸತ್ತಿರುತ್ತವೆ. ಸತ್ತದ್ದನ್ನು ಟ್ರೆಬಲ್ ನಾಬು ಎಬ್ಬಿಸಲಾರದು, ಅದು ಎಬ್ಬಿಸುವುದು ಬರೀ ಸುಂಯ್ ಎನ್ನುವ ಗಾಳಿಸದ್ದನ್ನು. ಗಿಟಾರಿನಿಂದ ಪೆಟ್ಟಿಗೆಗೆ ಹೋಗುವ ವೈರೂ ಅನಾವಶ್ಯಕ ಉದ್ದವಾಗಿತ್ತು. ಬ್ಯಾಟರಿ ಇಲ್ಲದ ಎಲೆಕ್ಟ್ರಿಕ್ ಗಿಟಾರಿನಲ್ಲಿ ವೈರು ಉದ್ದವಾದಷ್ಟೂ ತೆಳು ಸ್ವರ ದಾರಿಯಲ್ಲೇ ಸೋರಿಹೋಗುತ್ತದೆ. ಇನ್ನು ಗಿಟಾರಿನ ಮೈಮೇಲೆಯೇ ಒಂದು ಟೋನ್ ನಾಬು ಇರುತ್ತದೆ. ಅದು ಅರ್ಧಕ್ಕೆ ತಿರುಗಿ ಕೂತಿರುವುದನ್ನು ನೋಡದೆ ಪೆಟ್ಟಿಗೆಯ ಟ್ರೆಬಲನ್ನು ಪೂರ್ತಿ ಏರಿಸಿದ್ದೆವು. ತಲೆಗೆ ಎಣ್ಣೆ ಹಚ್ಚುತ್ತಾ ಸೋಪೂ ಹಾಕಿದ ಹಾಗೆ. ನಕ್ಕೆವು, ಬೇರೆ ಏನು ಮಾಡುವುದು?

ಎಲ್ಲಕ್ಕಿಂತ ದೊಡ್ಡ ಮೋಸ ಮಾಡುವುದು ಸದ್ದಿನ ನಾಬು. ಫ್ಲೆಚರ್, ಮನ್ಸನ್ ಎಂಬ ಇಬ್ಬರು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮಾಡಿದ ಪರೀಕ್ಷೆಯನ್ನು ೧೯೩೩ರಲ್ಲಿ ಪ್ರಕಟಿಸಿದರು. ಸದ್ದು ಮೆಲ್ಲಗಿದ್ದಾಗ ಮನುಷ್ಯನ ಕಿವಿ ದಪ್ಪ ಸ್ವರವನ್ನು ಬಹಳ ಕಡಿಮೆ ಹಿಡಿಯುತ್ತದೆ. ಸದ್ದು ಜೋರಾದಂತೆ ದಪ್ಪ ಸ್ವರ ತಾನಾಗಿ ಮೇಲೇಳುತ್ತದೆ. ಲೈನು ಮನೆಯಲ್ಲಿ ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಮೆಲ್ಲಗೆ ಇಟ್ಟುಕೊಂಡು, “ಆಹಾ ಸರಿಯಾಯಿತು” ಎಂದು ಬೇಸ್ ಏರಿಸಿ, ಅದೇ ಗುರುತಿನಲ್ಲಿ ಪೆಟ್ಟಿಗೆಯನ್ನು ಸಭಾಮನೆಗೆ ತಂದು ಜೋರು ಮಾಡಿದರೆ ಗುಂಯ್ ಎನ್ನದೆ ಇನ್ನೇನು? ಅಭ್ಯಾಸದ ದಿನ ಖಾಲಿ ಇದ್ದ ಮನೆಯಲ್ಲಿ ಭಾನುವಾರ ಶಾಲು ಸ್ವೆಟರು ಹೊದ್ದು ಜನ ತುಂಬಿದಾಗ, ಆ ಉಣ್ಣೆ ತೆಳು ಸ್ವರವನ್ನು ಹೀರಿಕೊಳ್ಳುತ್ತದೆ. ಶನಿವಾರ ಸಂಜೆ ಕಷ್ಟಪಟ್ಟು ಕೂಡಿಸಿದ ಟೋನು ಭಾನುವಾರ ಬೆಳಿಗ್ಗೆ ಬೇರೆಯಾಗಿರುತ್ತದೆ. ನಾಬಿನ ಬಳಿ ಸೀಮೆಸುಣ್ಣದ ಗುರುತು ಹಾಕಿ “ಇದನ್ನು ಯಾರೂ ಮುಟ್ಟಕೂಡದು” ಎಂದು ಕಟ್ಟಪ್ಪಣೆ ಮಾಡಿದವರು ನಾವೇ. ಆ ಅಪ್ಪಣೆ ಎಷ್ಟು ಹುಚ್ಚುತನದ್ದೆಂದು ಈಗ ತಿಳಿಯುತ್ತದೆ.

ಊರ ಮೆರವಣಿಗೆಗೆ ಹೊರಗೆ ಹೋದಾಗ ಗಿಟಾರನ್ನು ಕೊಳವೆ ಸ್ಪೀಕರಿಗೆ ಹಾಕಿ ಬೇಸ್ ತಿರುಗಿಸುವ ತಮ್ಮಂದಿರಿಗೂ ಒಂದು ಮಾತು. ಕೊಳವೆಯಲ್ಲಿ ಕೊಡಲು ದಪ್ಪ ಸ್ವರವೇ ಇಲ್ಲ. ಗಿಟಾರಿನ ಕೆಳಗಿನ ಸ್ವರ ಸೆಕೆಂಡಿಗೆ ೮೨ ಕಂಪನಗಳದ್ದು. ಕೊಳವೆ ಬಾಯಿ ಬಿಡುವುದು ಅದಕ್ಕಿಂತ ಎಷ್ಟೋ ಮೇಲೆ. ಬೇಸ್ ಏರಿಸಿದರೆ ಕೊಳವೆಯ ಒಳಗಿನ ತೆಳು ಪೊರೆ ಹರಿಯಬಹುದು, ಬೇಸ್ ಮಾತ್ರ ಬಾರದು.

ಹಾಗಾದರೆ ಟೋನ್ ನಾಬಿಗೆ ಕೆಲಸವೇ ಇಲ್ಲವೇ? ಉಂಟು, ದೊಡ್ಡ ಕೆಲಸವೇ ಉಂಟು. ಅದು ನುಡಿಸುವವನ ಸಂತೋಷಕ್ಕಿಂತ ಹಾಡುವವರ ಸಲುವಾಗಿ ಇರುವಂಥದ್ದು. ಆ ಸಂಜೆ ಪೆಟ್ಟಿಗೆಯ ಜಾಗ, ತಂತಿ, ಸದ್ದು ಎಲ್ಲ ಸರಿಮಾಡಿದ ಮೇಲೆ ಕಡೆಗೆ ನಾಬು ಮುಟ್ಟಲು ಅನುಮತಿ ಕೊಟ್ಟೆವು. ಮಾತಿನ ಕ, ಚ, ಟ, ತ, ಸ ಮುಂತಾದ ವ್ಯಂಜನಗಳನ್ನು ಕಿವಿ ಗುರುತಿಸುವುದು ಹೆಚ್ಚಾಗಿ ಸೆಕೆಂಡಿಗೆ ೨೦೦೦ದಿಂದ ೪೦೦೦ ಕಂಪನಗಳ ಸೀಮೆಯಲ್ಲಿ. ಗಿಟಾರಿನ ಟ್ರೆಬಲ್ ಕಿರುಚುವುದೂ ಅದೇ ಸೀಮೆಯಲ್ಲಿ. ಗಿಟಾರಿನ ಸ್ಪೀಕರು ೫೦೦೦ದ ಮೇಲೆ ಹೆಚ್ಚೇನೂ ಕೊಡುವುದಿಲ್ಲ. ಹೆಂಗಸರ ಗಂಡಸರ ಕಂಠದ ಬುಡ ೧೦೦ರಿಂದ ೨೫೦ರ ಆಸುಪಾಸಿನಲ್ಲಿ. ಗಿಟಾರಿನ ದಪ್ಪ ತಂತಿಗಳು ಗುಂಯ್ ಎನ್ನುವುದೂ ಅಲ್ಲಿಯೇ. ಅಂದರೆ ಟ್ರೆಬಲ್ ಏರಿಸಿದರೆ ಮಾತಿನ ಅಂಚು ಮುಚ್ಚಿಹೋಗುತ್ತದೆ, ಬೇಸ್ ಏರಿಸಿದರೆ ಕಂಠದ ಬುಡ ಮುಳುಗುತ್ತದೆ. ಹಿಂದಿನ ಬೆಂಚಿನಲ್ಲಿ ಕೂತ ಹಿರಿಯರಿಗೆ ಹಾಡಿನ ಪುಸ್ತಕ ಕೊಡದೆ, ಅವರಿಗೆ ಗೊತ್ತಿಲ್ಲದ ಹಾಡನ್ನು ಹಾಡಿಸಿದೆವು. ಅವರು ಕೈಯೆತ್ತಿ “ಈಗ ಮಾತು ಕೇಳುತ್ತದೆ” ಎನ್ನುವ ತನಕ ಬೇಸ್ ಇಳಿಸುತ್ತ ಬಂದೆವು. ಬಹಳ ಇಳಿಯಿತು. ನುಡಿಸುವ ಹುಡುಗನಿಗೆ ಸಪ್ಪೆಯೆನಿಸಿತು; “ಅಣ್ಣಾ, ಇದು ಗಿಟಾರಿನ ಹಾಗೇ ಇಲ್ಲ” ಎಂದ. ಒಬ್ಬನೇ ನುಡಿಸುವಾಗ ಸಪ್ಪೆ ಎನಿಸುವ ಟೋನೇ ಹತ್ತು ಕಂಠಗಳ ನಡುವೆ ಸರಿಯಾಗಿ ಕೂತುಕೊಂಡಿತು. ಅವನ ಮುಖ ಪೂರ್ತಿ ಅರಳಲಿಲ್ಲ ಎಂಬುದನ್ನೂ ಬರೆಯುತ್ತೇವೆ.

ತಮ್ಮಂದಿರ ಪರವಾಗಿ ಒಂದು ಮಾತು ಹೇಳಲೇಬೇಕು. ಒಂದೇ ಪೆಟ್ಟಿಗೆಗೆ ಇವತ್ತು ಒಬ್ಬನ ಗಿಟಾರು, ನಾಳೆ ಇನ್ನೊಬ್ಬನ ಗಿಟಾರು ಚುಚ್ಚಬೇಕಾದಾಗ ನಾಬು ಇಲ್ಲದಿದ್ದರೆ ಕಷ್ಟ. ಎರಡು ಗಿಟಾರು ಒಟ್ಟಿಗೆ ನುಡಿಯುವಾಗ ಒಂದನ್ನು ತೆಳ್ಳಗೂ ಇನ್ನೊಂದನ್ನು ದಪ್ಪಗೂ ಮಾಡದಿದ್ದರೆ ಎರಡೂ ಕಲಸಿಹೋಗುತ್ತವೆ. ಈಗ ಬರುವ ಡಿಜಿಟಲ್ ಪೆಟ್ಟಿಗೆಗಳಲ್ಲಿ ಹತ್ತಾರು ಹಳೆಯ ಆಂಪ್ಲಿಫೈಯರುಗಳ ನಕಲು ಇರುತ್ತದೆ, ಮೊಬೈಲಿನಿಂದಲೇ ತಿರುಗಿಸಬಹುದು, ಕಲಿಯುವವರಿಗೆ ಒಳ್ಳೆಯದೇ. ಆದರೆ ಅದರೊಳಗೂ ಒಂದು ಚಿಕ್ಕ ಸ್ಪೀಕರು ಇದೆ, ಅದನ್ನೂ ಎಲ್ಲಿಯಾದರೂ ಇಡಲೇಬೇಕು, ಅದರ ಎದುರಿಗೂ ಯಾರೋ ಕೂತಿರುತ್ತಾರೆ.

ಈ ವರ್ಷವೂ ಖಜಾಂಚಿಯವರ ಮುಂದೆ ಹೊಸ ಪೆಟ್ಟಿಗೆಯ ಬೇಡಿಕೆ ಬಂದಿದೆ. ಬೋನಸ್ ಎಷ್ಟೆಂದು ಇನ್ನೂ ತಿಳಿದಿಲ್ಲ. ನಮ್ಮ ಅಭಿಪ್ರಾಯ ಕೇಳಿದ್ದಾರೆ, ಕೊಟ್ಟಿದ್ದೇವೆ: ಎರಡು ಜೊತೆ ತಂತಿ, ಹತ್ತು ಅಡಿಯ ಒಂದು ಒಳ್ಳೆಯ ವೈರು, ಅಲುಗಾಡುವ ಜಾಕಿಗೆ ಬೆಸುಗೆ. ಮೂಲೆಗಿಟ್ಟ ಎರಡು ನಾಬಿನ ಹಳೆಯ ಪೆಟ್ಟಿಗೆಯನ್ನು ಈಚೆಗೆ ತೆಗೆದು ಧೂಳು ಒರೆಸಿ ಕುರ್ಚಿಯ ಮೇಲೆ ಇಟ್ಟು ನೋಡಿದ್ದೇವೆ. ಸ್ಪೀಕರಿನ ಅಂಚಿನಲ್ಲಿ ಒಂದು ಕಡೆ ಕಾಗದ ಹರಿದಿದೆ, ಅಂಟು ಹಾಕಿಸಬೇಕು. ಮುಂದಿನ ಶನಿವಾರ ಸಂಜೆ ಆರು ಗಂಟೆಗೆ ಮತ್ತೆ ಪರೀಕ್ಷೆ ಇದೆ. ಆ ಅಜ್ಜಿಗೆ ಬರಲು ಹೇಳಿ ಕಳುಹಿಸಿದ್ದೇವೆ. ಹಿಂದಿನ ಬೆಂಚನ್ನು ಅವರಿಗೆ ಬಿಟ್ಟಿರಬೇಕಾಗಿ ಎಲ್ಲರಲ್ಲಿಯೂ ವಿನಂತಿ.